ಸ್ವತಂತ್ರ ವೃತ್ತಿಯವರೊಡನೆ ವ್ಯವಹಾರ: ಮನೆಯ ಪುಸ್ತಕವೊಂದರ ನಿದರ್ಶನ

ಕನ್ನಡ ಪತ್ರಿಕೆಗಳಲ್ಲಿ ಲೇಖನದ ಕೊನೆಗೆ ‘ಲೇಖಕರು ಹವ್ಯಾಸಿ ಪತ್ರಕರ್ತರು’ ಎಂಬ ಸಾಲನ್ನು ಓದುಗರು ಎಷ್ಟೋ ಬಾರಿ ಗಮನಿಸಿರಬಹುದು. ಇಂಗ್ಲಿಷಿನ ‘ಫ್ರೀಲಾನ್ಸ್’ ಎಂಬ ಪದಕ್ಕೆ ನಮ್ಮಲ್ಲಿ ರೂಢಿಗೆ ಬಂದ ಪರ್ಯಾಯವದು. ಆದರೆ ಹವ್ಯಾಸವೆಂದರೆ ಬಿಡುವಿನ ವೇಳೆಯಲ್ಲಿ ಮನಸ್ಸಂತೋಷಕ್ಕಾಗಿ ಮಾಡುವಂಥದು; ಅಂಚೆಚೀಟಿ ಸಂಗ್ರಹವೂ ಹವ್ಯಾಸವೇ. ಯಾವ ಸಂಸ್ಥೆಯ ಸಂಬಳದ ಪಟ್ಟಿಯಲ್ಲೂ ಹೆಸರಿಲ್ಲದೆ, ಒಂದೊಂದು ಕೆಲಸಕ್ಕೂ ದರ ಗೊತ್ತುಮಾಡಿಕೊಂಡು, ಆ ಆದಾಯದಿಂದಲೇ ಸಂಸಾರ ತೂಗಿಸುವವರನ್ನು ಹವ್ಯಾಸಿಗಳೆಂದು ಕರೆದಾಗ, ಅವರಿಗೆ ಹಣ ಕೊಡುವುದು ಅಷ್ಟೇನೂ ಅಗತ್ಯವಲ್ಲವೆಂಬ ಭಾವನೆ ಆ ಪದದೊಳಗಿಂದಲೇ ನುಸುಳಿ ಬರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಅವರನ್ನು ‘ಸ್ವತಂತ್ರ ವೃತ್ತಿಯವರು’ ಎಂದು ಕರೆಯಲಾಗಿದೆ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇಂಥವರ ನೆರವು ಬೇಕಾಗುವ ಸಂದರ್ಭಗಳು ಹಲವು. ಸಂಘದ ಸ್ಮರಣ ಸಂಚಿಕೆ, ಮದುವೆಯ ಆಮಂತ್ರಣ ಪತ್ರಿಕೆ, ಹಿರಿಯರ ಷಷ್ಟ್ಯಬ್ದಿಯ ಕಿರುಚಿತ್ರ, ಹಳೆಯ ಕಾಗದಪತ್ರಗಳ ಅನುವಾದ ಹೀಗೆ. ಕನ್ನಡದ ಅಕ್ಷರ ಜೋಡಣೆ, ಕರಡು ತಿದ್ದುವಿಕೆ ಬಲ್ಲವರು ಹೊರನಾಡಿನ ನಗರಗಳಲ್ಲಿ ವಿರಳ. ಕೆಲಸ ಧಾರವಾಡಕ್ಕೋ ಮೈಸೂರಿಗೋ ಮಂಗಳೂರಿಗೋ ಮಿಂಚಂಚೆಯಲ್ಲಿ ಹೋಗುತ್ತದೆ, ಮಿಂಚಂಚೆಯಲ್ಲೇ ಮರಳುತ್ತದೆ. ಕೊಟ್ಟವರೂ ಮಾಡಿದವರೂ ಒಬ್ಬರ ಮುಖವನ್ನೊಬ್ಬರು ನೋಡದೆಯೇ ವ್ಯವಹಾರ ಮುಗಿಯುವುದುಂಟು. ಎದುರು ಕುಳಿತು ಮಾತಾಡಿದಾಗ ತಾನಾಗಿ ತಿಳಿಯುವ ಎಷ್ಟೋ ಸಂಗತಿಗಳನ್ನು ಇಲ್ಲಿ ಬರೆದೇ ತಿಳಿಸಬೇಕು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಕುಂದಾಪುರದ ಕಡೆಯಿಂದ ಹುಡುಗನಾಗಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮುಂದೆ ಬ್ಯಾಂಕ್ ನೌಕರರಾಗಿ ನಿವೃತ್ತರಾದ ಹಿರಿಯರೊಬ್ಬರು ಈಗ ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿದ್ದಾರೆ. ನಾಲ್ಕು ನೋಟುಪುಸ್ತಕಗಳಲ್ಲಿ ತಮ್ಮ ನೆನಪುಗಳನ್ನು ಬರೆದಿಟ್ಟಿದ್ದಾರೆ. ಅವರ ಸಹಸ್ರ ಚಂದ್ರದರ್ಶನ ಶಾಂತಿಯ ದಿನ ಅದು ಪುಸ್ತಕವಾಗಿ ಬಿಡುಗಡೆಯಾಗಬೇಕೆಂಬುದು ಮಕ್ಕಳ ಆಸೆ. ಮೊಮ್ಮಕ್ಕಳಿಗೆ ಕನ್ನಡ ಮಾತನಾಡಲು ಬರುತ್ತದೆ, ಓದಲು ಬಾರದು. ಹಾಗಾಗಿ ಇಂಗ್ಲಿಷ್ ಅನುವಾದವೂ ಬೇಕು. ತಂದೆಯವರಿಗೆ ವಯಸ್ಸು ಎಂಬತ್ತು ದಾಟಿದೆ. ಈ ವರ್ಷ ಆಗದಿದ್ದರೆ ಮುಂದಿನ ವರ್ಷ ನೋಡೋಣ ಎನ್ನುವ ಮಾತು ಇಲ್ಲಿ ನಡೆಯದು.

ಈ ಒಂದು ಪುಸ್ತಕಕ್ಕೆ ನಾಲ್ವರು ಬೇಕು: ಅಕ್ಷರ ಜೋಡಿಸಿ ಪುಟ ಕಟ್ಟುವವರು, ಕರಡು ತಿದ್ದುವವರು, ಅನುವಾದಕರು, ಮುಖಪುಟದ ಕಲಾವಿದರು. ನಾಲ್ಕನ್ನೂ ತಾನೊಬ್ಬನೇ ಮಾಡಿಕೊಡುವೆನೆಂದು ಮುಂದೆ ಬರುವವರೂ ಸಿಗುತ್ತಾರೆ. ಅಕ್ಷರ ಜೋಡಿಸಿದವರೇ ಕರಡನ್ನೂ ತಿದ್ದುವುದು ಮಾತ್ರ ಒಳ್ಳೆಯದಲ್ಲ. ತಾನು ಮಾಡಿದ ತಪ್ಪು ತನ್ನ ಕಣ್ಣಿಗೆ ಬೀಳುವುದು ಕಷ್ಟ. ಉಳಿದಂತೆ ಹೇಗಾದರೂ ಹೊಂದಿಸಿಕೊಳ್ಳಬಹುದು.

ಆಯ್ಕೆಯ ವಿಷಯದಲ್ಲಿ ಪರಿಚಿತರ ಶಿಫಾರಸು ಒಳ್ಳೆಯದೇ, ಆದರೆ ಅದರೊಂದಿಗೆ ಅವರು ಹಿಂದೆ ಮಾಡಿದ ಒಂದು ಪುಸ್ತಕವನ್ನಾದರೂ ಕೈಯಲ್ಲಿ ಹಿಡಿದು ನೋಡಬೇಕು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತಿವೆಯೇ, ಅಲ್ಪಪ್ರಾಣ ಮಹಾಪ್ರಾಣಗಳು ಸರಿಯಾಗಿವೆಯೇ, ಅಧ್ಯಾಯದ ಕೊನೆಯ ಒಂದೇ ಸಾಲು ಹೊಸ ಪುಟದಲ್ಲಿ ಒಂಟಿಯಾಗಿ ನಿಂತಿದೆಯೇ ಎಂಬುದನ್ನು ನೋಡಿದರೆ ಹತ್ತು ನಿಮಿಷದಲ್ಲಿ ಅವರ ಕೆಲಸದ ಗುಣ ತಿಳಿಯುತ್ತದೆ. ಅನುವಾದಕರಾದರೆ ನಿಮ್ಮದೇ ಹಸ್ತಪ್ರತಿಯ ಎರಡು ಪುಟಗಳನ್ನು ಮಾದರಿಗಾಗಿ ಮಾಡಿಸಬೇಕು. ಆ ಎರಡು ಪುಟಗಳಿಗೂ ಹಣ ಕೊಡಬೇಕು. ಹತ್ತು ಮಂದಿಯಿಂದ ಒಂದೊಂದು ಅಧ್ಯಾಯವನ್ನು ‘ಮಾದರಿ’ ಎಂದು ಪುಕ್ಕಟೆಯಾಗಿ ಮಾಡಿಸಿಕೊಂಡು ಪುಸ್ತಕ ಮುಗಿಸುವ ಜಾಣತನವನ್ನು ಈ ವೃತ್ತಿಯವರು ಬಲ್ಲರು. ಅಂಥ ಬೇಡಿಕೆ ಬಂದೊಡನೆ ಒಳ್ಳೆಯವರು ಹಿಂದೆ ಸರಿಯುತ್ತಾರೆ.

ನಮ್ಮ ನಿದರ್ಶನದಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಂದೆಯವರು ಸಂಭಾಷಣೆಗಳನ್ನು ಕುಂದಾಪುರದ ಕನ್ನಡದಲ್ಲೇ ಬರೆದಿರುತ್ತಾರೆ. ‘ಹೋಯ್ಕ್’ ಎಂದಿರುವುದನ್ನು ಬೇರೆ ಸೀಮೆಯ ಕರಡು ತಿದ್ದುವವರು ತಪ್ಪೆಂದು ತಿಳಿದು ‘ಹೋಗಬೇಕು’ ಎಂದು ತಿದ್ದಿಬಿಟ್ಟರೆ, ಅವರು ತಮ್ಮ ಕರ್ತವ್ಯವನ್ನೇ ಮಾಡಿದಂತಾಯಿತು, ಪುಸ್ತಕದ ಜೀವ ಮಾತ್ರ ಹೋಯಿತು. ಧಾರವಾಡದ ಕಡೆಯವರ ಬರಹದಲ್ಲಿ ‘ಬ್ಯಾಡ’, ‘ಹೋಗ್ಯಾನ’ ಎಂಬುವಕ್ಕೂ ಇದೇ ಗತಿ. ಆದ್ದರಿಂದ ಆ ಸೀಮೆಯ ಮಾತು ಬಲ್ಲವರನ್ನೇ ಹುಡುಕುವುದು ಲೇಸು. ಸಿಗದಿದ್ದರೆ, ಮುಟ್ಟಬಾರದ ಪದಗಳ ಒಂದು ಪಟ್ಟಿಯನ್ನು ಕೆಲಸ ಆರಂಭವಾಗುವ ಮೊದಲೇ ಕೊಡಬೇಕು. ಊರು, ದೈವ, ಮನೆತನಗಳ ಹೆಸರುಗಳೂ ಅದರಲ್ಲಿರಲಿ. ಈ ಪಟ್ಟಿಯನ್ನು ಸ್ವತಃ ತಂದೆಯವರ ಬಳಿ ಕುಳಿತು ಮಾಡಬಹುದು. ಅವರಿಗೂ ಹೊತ್ತು ಹೋಗುತ್ತದೆ.

ಇನ್ನು ಒಪ್ಪಂದದ ಮಾತು. ‘ಅವರು ನಮ್ಮವರೇ ಅಲ್ಲವೇ, ಬರೆದುಕೊಳ್ಳುವುದೇನಿದೆ’ ಎಂಬುದು ಹೊರನಾಡ ಕನ್ನಡಿಗರಲ್ಲಿ ಬಹುವಾಗಿ ಕೇಳಿಬರುವ ಮಾತು. ದೂರದ ನಗರದಲ್ಲಿ ಕನ್ನಡ ಕೇಳಿದರೆ ಸಾಕು, ಅರ್ಧ ನೆಂಟಸ್ತಿಕೆಯೇ ಬೆಳೆದುಬಿಡುತ್ತದೆ. ಅದು ಸಂತೋಷದ ಸಂಗತಿಯೇ. ಆದರೆ ಬರೆದುಕೊಳ್ಳದೆ ಬಿಟ್ಟ ವಿಷಯವೇ ಮುಂದೆ ಮನಸ್ತಾಪಕ್ಕೆ ಮೂಲವಾಗುತ್ತದೆ, ಮತ್ತು ‘ನಮ್ಮವರ’ ನಡುವಣ ಮನಸ್ತಾಪ ಹೊರಗಿನವರೊಡನೆ ಆಗುವುದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಸಿಂಧುವೇ. ಏನು ಮಾತಾಯಿತೆಂದು ನೆನಪಿಸಿಕೊಳ್ಳುವುದೇ ಕಷ್ಟ. ಛಾಪಾಕಾಗದ ಬೇಕಿಲ್ಲ, ಒಂದು ಪುಟದ ಮಿಂಚಂಚೆ, ಅದಕ್ಕೆ ‘ಒಪ್ಪಿಗೆ’ ಎಂಬ ಉತ್ತರ, ಇಷ್ಟಿದ್ದರೆ ಇಂಥ ಕೆಲಸಕ್ಕೆ ಬಹುಮಟ್ಟಿಗೆ ಸಾಕು.

ಆ ಪುಟದಲ್ಲಿ ಮೊದಲು ಇರಬೇಕಾದದ್ದು ಕೆಲಸದ ಅಳತೆ. ಅಕ್ಷರ ಜೋಡಣೆಗೆ ಪುಟಕ್ಕಿಷ್ಟು ಎಂದರೆ ಯಾವ ಪುಟ? ನೋಟುಪುಸ್ತಕದ ಪುಟವೋ, ಮುದ್ರಿತ ಡೆಮಿ 1/8 ಆಕಾರದ ಪುಟವೋ? ಎರಡಕ್ಕೂ ಬಹಳ ಅಂತರ. ಅನುವಾದಕ್ಕೆ ಪದಕ್ಕಿಷ್ಟು ಎಂಬ ಲೆಕ್ಕ ರೂಢಿಯಲ್ಲಿದೆ. ಕನ್ನಡದ ಮಟ್ಟಿಗೆ ಇಲ್ಲಿ ತೊಡಕಿದೆ. ನಮ್ಮ ಭಾಷೆಯಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ. ‘ಹೋಗಬೇಕಾಗಿತ್ತಂತೆ’ ಎಂಬ ಒಂದೇ ಪದ ಇಂಗ್ಲಿಷಿಗೆ ಹೋದಾಗ ಐದಾರು ಪದಗಳಾಗುತ್ತದೆ. ಮೂಲದ ಪದಗಳನ್ನು ಎಣಿಸಿದರೆ ಅನುವಾದಕರಿಗೆ ನಷ್ಟ, ಅನುವಾದದ ಪದಗಳನ್ನು ಎಣಿಸಿದರೆ ನಿಮ್ಮ ಅಂದಾಜು ತಲೆಕೆಳಗು. ಯಾವುದನ್ನು ಎಣಿಸಬೇಕೆಂದು ಮೊದಲೇ ನಿರ್ಧರಿಸಿ, ದರವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಂಡರೆ ಇಬ್ಬರಿಗೂ ನ್ಯಾಯ. ಮಾದರಿಯಾಗಿ ಮಾಡಿಸಿದ ಎರಡು ಪುಟಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಅವುಗಳಿಂದ ಇಡೀ ಪುಸ್ತಕದ ವೆಚ್ಚವನ್ನು ಅಂದಾಜು ಮಾಡಬಹುದು.

ಅನುವಾದಕರು ಗಣಕಯಂತ್ರದ ಅನುವಾದವನ್ನು ಬಳಸುವರೇ ಎಂದೂ ನೇರವಾಗಿ ಕೇಳಬಹುದು. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಮೇಲೆ ಇಂಥ ಸಾಧನಗಳು ಬಹಳ ಸುಧಾರಿಸಿವೆ. ಮೊದಲ ಕರಡಿಗೆ ಅದನ್ನು ಬಳಸುವುದು ಅಪರಾಧವೇನಲ್ಲ, ಮುಚ್ಚಿಟ್ಟು ಪೂರ್ತಿ ದರ ಪಡೆಯುವುದು ಸರಿಯಲ್ಲ. ನೆನಪಿನ ಪುಸ್ತಕದಲ್ಲಿ ಚಿಕ್ಕಪ್ಪ, ಸೋದರಮಾವ, ದೊಡ್ಡಪ್ಪ ಮೂವರೂ ‘ಅಂಕಲ್’ ಆಗಿಬಿಟ್ಟರೆ ಯಾರು ಆಸ್ತಿ ಬಿಟ್ಟುಕೊಟ್ಟರು, ಯಾರು ಮುಂಬಯಿಗೆ ರೈಲು ಹತ್ತಿಸಿದರು ಎಂಬುದು ಮೊಮ್ಮಕ್ಕಳಿಗೆ ಹೇಗೆ ತಿಳಿಯಬೇಕು? ಅದನ್ನು ಬಿಡಿಸಿ ಹೇಳುವುದಕ್ಕೇ ಮನುಷ್ಯರಿಗೆ ಹಣ ಕೊಡುವುದು.

ಎರಡನೆಯದು ತಿದ್ದುಪಡಿ. ಇಂಥ ಕೆಲಸಗಳು ಕೆಡುವುದು ಬಹುಪಾಲು ಇಲ್ಲಿಯೇ. ‘ಒಂದು ಸಣ್ಣ ಬದಲಾವಣೆ’ ಎಂದು ಕೆಲಸ ಕೊಟ್ಟವರು ಹೇಳುವುದು ಪುಟ ಕಟ್ಟುವವರ ಪಾಲಿಗೆ ಸಣ್ಣದಾಗಿರುವುದಿಲ್ಲ. ಇಪ್ಪತ್ತನೆಯ ಪುಟದಲ್ಲಿ ಒಂದು ಭಾವಚಿತ್ರ ಸೇರಿಸಿದರೆ ಮುಂದಿನ ಪುಟಗಳೆಲ್ಲ ಜರುಗುತ್ತವೆ. ಪರಿವಿಡಿಯ ಪುಟಸಂಖ್ಯೆಗಳು ಬದಲಾಗುತ್ತವೆ. ಪುಸ್ತಕಗಳನ್ನು ಸಾಮಾನ್ಯವಾಗಿ ಹದಿನಾರು ಪುಟಗಳ ಒಂದೊಂದು ಫಾರಂ ಆಗಿ ಮುದ್ರಿಸುತ್ತಾರೆ. 192 ಪುಟಗಳಿಗೆ ಹನ್ನೆರಡು ಫಾರಂ ಸರಿಹೋಗುತ್ತದೆ. ಕೊನೆಗಳಿಗೆಯಲ್ಲಿ ಇನ್ನೆರಡು ಪುಟ ಸೇರಿದರೆ ಹದಿಮೂರನೆಯದಕ್ಕೆ ಕೈಹಾಕಬೇಕು. ಆದ್ದರಿಂದ ಎರಡು ಸುತ್ತಿನ ತಿದ್ದುಪಡಿ ಒಪ್ಪಿದ ದರದೊಳಗೆ, ಆಮೇಲಿನದಕ್ಕೆ ಪುಟಕ್ಕಿಷ್ಟು ಎಂದು ಬರೆದುಕೊಳ್ಳುವುದು ವಾಡಿಕೆ. ಜೋಡಿಸಿದವರ ತಪ್ಪನ್ನು ಅವರೇ ಎಷ್ಟು ಬಾರಿಯಾದರೂ ಸರಿಪಡಿಸಬೇಕು, ಅದಕ್ಕೆ ಹಣವಿಲ್ಲ. ಬರೆದವರು ಮನಸ್ಸು ಬದಲಿಸಿದ್ದಕ್ಕೆ ಹಣವುಂಟು.

ತಿದ್ದುಪಡಿಯನ್ನು ತಿಳಿಸುವ ರೀತಿಯೂ ಮುಖ್ಯ. ತಂದೆಯವರ ನೆನಪುಗಳೆಂದಮೇಲೆ ಹಿರಿಯ ಮಗನಿಗೊಂದು ಅಭಿಪ್ರಾಯ, ಪುಣೆಯ ಮಗಳಿಗೊಂದು, ದುಬೈಯ ಅಳಿಯನಿಗೊಂದು. ಒಬ್ಬರು ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸುತ್ತಾರೆ, ಇನ್ನೊಬ್ಬರು ಪುಟದ ಚಿತ್ರ ತೆಗೆದು ಅದರ ಮೇಲೆ ಗೀಚುತ್ತಾರೆ, ಮತ್ತೊಬ್ಬರು ರಾತ್ರಿ ಹತ್ತಕ್ಕೆ ದೂರವಾಣಿ ಮಾಡಿ ‘ಆ ಅಜ್ಜಿಯ ಪ್ಯಾರಾದಲ್ಲಿ’ ಎಂದು ಆರಂಭಿಸುತ್ತಾರೆ. ಮೂರನೆಯ ದಿನಕ್ಕೆ ಒಬ್ಬರು ತೆಗೆಸಿದ್ದನ್ನು ಇನ್ನೊಬ್ಬರು ಸೇರಿಸಿಯಾಗಿರುತ್ತದೆ. ಕುಟುಂಬದವರೆಲ್ಲ ಕೂಡಿ ಒಬ್ಬರನ್ನು ಗೊತ್ತುಮಾಡಿ, ಅವರ ಮೂಲಕ ಬಂದದ್ದನ್ನು ಮಾತ್ರ ಪರಿಗಣಿಸತಕ್ಕದ್ದೆಂದು ಕೆಲಸ ಮಾಡುವವರಿಗೆ ತಿಳಿಸಬೇಕು. ಪುಟ, ಸಾಲು, ತಪ್ಪು, ಒಪ್ಪು ಎಂಬ ನಾಲ್ಕು ಕಲಮುಗಳ ಪಟ್ಟಿಯಾಗಿ ಎಲ್ಲವನ್ನೂ ಒಮ್ಮೆಗೇ ಕಳಿಸಿದರೆ, ಅರ್ಧ ದಿನದ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಸಂಘದ ಸ್ಮರಣ ಸಂಚಿಕೆಗಳಲ್ಲಿ ಇದೇ ಸಮಸ್ಯೆ ಇಮ್ಮಡಿಯಾಗಿರುತ್ತದೆ. ಅಲ್ಲಿ ಅಧ್ಯಕ್ಷರು, ಕಾರ್ಯದರ್ಶಿಗಳು, ಜಾಹೀರಾತು ತಂದವರು, ಎಲ್ಲರೂ ಸಂಪಾದಕರೇ!

ಮೂರನೆಯದು ದಿನಾಂಕ. ಬಿಡುಗಡೆಯ ದಿನದಿಂದ ಹಿಂದಕ್ಕೆ ಎಣಿಸುತ್ತ ಬರಬೇಕು: ಮುದ್ರಣ ಮತ್ತು ಹೊಲಿಗೆ, ಎರಡನೆಯ ಕರಡು, ಮೊದಲ ಕರಡು, ಅಕ್ಷರ ಜೋಡಣೆ. ಕರಡನ್ನು ನೀವು ಎಷ್ಟು ದಿನಗಳಲ್ಲಿ ಹಿಂದಿರುಗಿಸುವಿರಿ ಎಂಬುದನ್ನೂ ಬರೆಯಬೇಕು. ಕರಡನ್ನು ಮೂರು ವಾರ ಮನೆಯಲ್ಲಿಟ್ಟುಕೊಂಡು, ಬಳಿಕ ಮೂರು ದಿನಗಳಲ್ಲಿ ಪುಸ್ತಕ ಬೇಕೆಂದರೆ ವಿಳಂಬ ಯಾರದು? ದೀಪಾವಳಿ ವಿಶೇಷಾಂಕಗಳು ಮತ್ತು ರಾಜ್ಯೋತ್ಸವದ ಸಂಚಿಕೆಗಳ ದಿನಗಳಲ್ಲಿ ಕರ್ನಾಟಕದ ಅಕ್ಷರ ಜೋಡಣೆಯವರಿಗೂ ಮುದ್ರಣಾಲಯಗಳಿಗೂ ಕೈತುಂಬ ಕೆಲಸ. ಶಾಂತಿಯ ಮುಹೂರ್ತ ನವೆಂಬರಿಗೆ ಬಂದರೆ ಕೆಲಸ ಮೇ ತಿಂಗಳಲ್ಲೇ ಆರಂಭವಾಗಬೇಕೆಂಬುದು ನನ್ನ ಅಭಿಪ್ರಾಯ. ಸ್ವತಂತ್ರ ವೃತ್ತಿಯವರಿಗೆ ಜ್ವರ ಬಂದರೆ ಅವರ ಸ್ಥಾನದಲ್ಲಿ ಕೂರುವ ಸಹೋದ್ಯೋಗಿಯಿಲ್ಲ, ರಜೆಯ ಸಂಬಳವೂ ಇಲ್ಲ. ಅಷ್ಟು ಅವಕಾಶವನ್ನು ಲೆಕ್ಕದಲ್ಲಿ ಇಡುವುದು ವಿವೇಕ.

ಕಡತಗಳ ಬಗ್ಗೆ ಎರಡು ಮಾತು. ಮೂಲ ನೋಟುಪುಸ್ತಕಗಳನ್ನು ಯಾವ ಕಾರಣಕ್ಕೂ ಕೊರಿಯರಿನಲ್ಲಿ ಕಳಿಸಬೇಡಿ. ಸ್ಕ್ಯಾನ್ ಮಾಡಿಸಿ ಕಳಿಸಿ. ಹಳೆಯ ಭಾವಚಿತ್ರಗಳನ್ನು ಮುದ್ರಣದ ಅಳತೆಗೆ 300 ಡಿಪಿಐ ಬರುವಂತೆ ಸ್ಕ್ಯಾನ್ ಮಾಡಿಸಬೇಕು. ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ, ಮುದ್ರಣದಲ್ಲಿ ಮಸುಕಾಗುತ್ತದೆ. ಅಕ್ಷರ ಯೂನಿಕೋಡಿನಲ್ಲಿ ಇರುವುದೇ, ಹಳೆಯ ಪದ್ಧತಿಯಲ್ಲೇ ಎಂದು ವಿಚಾರಿಸಿಕೊಳ್ಳಿ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ಆಕೃತಿಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿದೆ. ಆ ಅಕ್ಷರವಿನ್ಯಾಸವಿಲ್ಲದ ಗಣಕಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪೇಜ್‌ಮೇಕರ್ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡ ನಡೆಯದು. ಇನ್‌ಡಿಸೈನಿನ ಈಚಿನ ಆವೃತ್ತಿಗಳಲ್ಲಿ ನಡೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಿದಾಗ ಅರ್ಕಾವೊತ್ತು ಸ್ಥಾನಪಲ್ಲಟವಾಗುವುದು, ದೀರ್ಘ ಬಿಟ್ಟುಹೋಗುವುದು ಉಂಟು, ಆದ್ದರಿಂದ ಪರಿವರ್ತನೆಯ ಬಳಿಕ ಮತ್ತೊಮ್ಮೆ ಓದಬೇಕು. ಮುದ್ರಣಕ್ಕೆ ಸಿದ್ಧವಾದ ಪಿಡಿಎಫ್ ಜೊತೆಗೆ ತಿದ್ದಲು ಬರುವ ಮೂಲ ಕಡತವನ್ನೂ ಕೊಡತಕ್ಕದ್ದೇ ಎಂಬುದು ದರ ಗೊತ್ತುಮಾಡುವಾಗಲೇ ಇತ್ಯರ್ಥವಾಗಬೇಕು. ಅದು ತಾನಾಗಿ ನಿಮ್ಮದಾಗುವುದಿಲ್ಲ. ಎಷ್ಟೋ ಮಂದಿ ಅದಕ್ಕೆ ಪ್ರತ್ಯೇಕ ದರ ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು.

ಹಕ್ಕಿನ ವಿಚಾರ ಬಹಳ ಮಂದಿಗೆ ಹೊಸದಾಗಿ ಕಾಣುತ್ತದೆ. ಹಣ ಕೊಟ್ಟಮೇಲೆ ಅನುವಾದ ನಮ್ಮದೇ ಅಲ್ಲವೇ ಎಂದು ಕೇಳಿದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಉತ್ತರ ‘ಅಲ್ಲ’ ಎಂಬುದೇ. ಸಂಬಳದ ನೌಕರರು ಉದ್ಯೋಗದ ಭಾಗವಾಗಿ ಮಾಡಿದ ಕೃತಿಗೆ ಸಾಮಾನ್ಯವಾಗಿ ಮಾಲೀಕರು ಹಕ್ಕುದಾರರು. ಸ್ವತಂತ್ರ ಅನುವಾದಕರು ಮಾಡಿದ ಅನುವಾದಕ್ಕೆ ಅನುವಾದಕರೇ ಮೊದಲ ಹಕ್ಕುದಾರರು, ಬರಹದ ಮೂಲಕ ವರ್ಗಾಯಿಸದ ಹೊರತು. ವರ್ಗಾವಣೆಯ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ಅರ್ಥೈಸುತ್ತದೆ. ಅಮೆರಿಕೆಯ ಮೊಮ್ಮಗಳು ಮುಂದೆಂದೋ ಅಲ್ಲಿ ಮರುಮುದ್ರಣ ಮಾಡಿಸುವುದಾದರೆ ಈ ಎರಡು ಸಾಲುಗಳ ಬೆಲೆ ತಿಳಿಯುತ್ತದೆ. ಛಾಯಾಚಿತ್ರದ ನಿಯಮ ಬೇರೆ: ಹಣ ಕೊಟ್ಟು ತೆಗೆಸಿದ ಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದು. ಹಕ್ಕನ್ನು ವರ್ಗಾಯಿಸಿದ ಮೇಲೂ ಕೃತಿಕಾರರೆಂದು ಗುರುತಿಸಿಕೊಳ್ಳುವ ಅಧಿಕಾರ ಅನುವಾದಕರಲ್ಲಿಯೂ ಕಲಾವಿದರಲ್ಲಿಯೂ ಉಳಿಯುತ್ತದೆ. ಆದ್ದರಿಂದ ಶೀರ್ಷಿಕೆಯ ಹಿಂದಿನ ಪುಟದಲ್ಲಿ ಹೆಸರು ಹಾಕುವುದನ್ನು ಉಪಕಾರವೆಂದು ಭಾವಿಸಬಾರದು.

ತೆರಿಗೆಯ ಮಾತು ಕುಟುಂಬಗಳಿಗೆ ಹೆಚ್ಚು ಅನ್ವಯಿಸದು. ಸ್ವಂತದ ಕೆಲಸಕ್ಕೆ ಕೊಡುವ ಇಷ್ಟು ಸಣ್ಣ ಮೊತ್ತಗಳಲ್ಲಿ ತೆರಿಗೆ ಕಡಿತ ಮಾಡಬೇಕಿಲ್ಲ. ಸಂಘಗಳು ಮಾತ್ರ ಎಚ್ಚರ ವಹಿಸಬೇಕು. ವೃತ್ತಿಪರ ಸೇವೆಗೆಂದು ಒಬ್ಬರಿಗೆ ವರ್ಷದಲ್ಲಿ ಕೊಟ್ಟದ್ದು ಮಿತಿಯನ್ನು ಮೀರಿದರೆ ಶೇಕಡಾ 10 ಮೂಲದಲ್ಲೇ ಕಡಿತ ಮಾಡಬೇಕು. 30,000 ರೂಪಾಯಿ ಇದ್ದ ಆ ಮಿತಿಯನ್ನು 2025ರ ಏಪ್ರಿಲಿನಿಂದ 50,000ಕ್ಕೆ ಏರಿಸಲಾಯಿತು. ಕಡಿತವಾಗುವುದನ್ನು ದರ ಹೇಳುವಾಗಲೇ ತಿಳಿಸಬೇಕು. ಕೈಗೆ ಕಡಿಮೆ ಬಂದ ದಿನ ತಿಳಿಸಿದರೆ ಮೋಸದಂತೆ ಕಾಣುತ್ತದೆ. ಉಳಿದದ್ದನ್ನು ಸಂಘದ ಲೆಕ್ಕಪರಿಶೋಧಕರು ಹೇಳಬಲ್ಲರು.

ಇನ್ನು ಹಣ. ಆರಂಭದಲ್ಲಿ ಮೂರನೆಯ ಒಂದು ಪಾಲು, ಮೊದಲ ಕರಡು ಕೈಸೇರಿದಾಗ ಇನ್ನೊಂದು ಪಾಲು, ಮುದ್ರಣಕ್ಕೆ ಸಿದ್ಧವಾದ ಕಡತ ಬಂದಾಗ ಉಳಿದದ್ದು, ಇದು ಇಬ್ಬರಿಗೂ ಹಿತವಾದ ಕ್ರಮ. ಪೂರ್ತಿ ಮುಂಗಡ ಕೊಟ್ಟರೆ ಕೊಟ್ಟವರಿಗೆ ಆತಂಕ, ಎಲ್ಲವನ್ನೂ ಕೊನೆಗೆ ಇಟ್ಟರೆ ಮಾಡಿದವರಿಗೆ. ಕಾರಣಾಂತರದಿಂದ ಕೆಲಸ ನಡುವೆ ನಿಂತರೆ ಅಲ್ಲಿಯವರೆಗೆ ಆದದ್ದಕ್ಕೆ ಎಷ್ಟು ಎಂಬುದೂ ಆ ಒಂದು ಪುಟದಲ್ಲಿರಲಿ. ಪುಸ್ತಕ ಮಾರಾಟವಾದ ಮೇಲೆ ಕೊಡುವೆವು, ಜಾಹೀರಾತಿನ ಹಣ ಬಂದ ಮೇಲೆ ಕೊಡುವೆವು ಎಂಬುದು ಸರಿಯಲ್ಲ. ಆ ನಷ್ಟಸಂಭವದಲ್ಲಿ ಅವರು ಪಾಲುದಾರರಲ್ಲ. ಅತಿಸಣ್ಣ ಉದ್ಯಮವಾಗಿ ‘ಉದ್ಯಮ್’ ನೋಂದಣಿ ಪಡೆದ ಸ್ವತಂತ್ರ ವೃತ್ತಿಯವರಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯ ರಕ್ಷಣೆಯಿದೆ. ಲಿಖಿತ ಒಪ್ಪಂದವಿದ್ದರೂ ಪಾವತಿಯನ್ನು 45 ದಿನಗಳಿಗಿಂತ ಮುಂದೂಡುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಯಾರೂ ಕನ್ನಡ ಸಂಘದ ಮೇಲೆ ಬಡ್ಡಿ ಕೇಳಲು ಹೋಗಲಾರರು. ಮುಂದಿನ ಸಲ ದೂರವಾಣಿ ಎತ್ತುವುದಿಲ್ಲ, ಅಷ್ಟೆ.

ಹಣದ ಬದಲು ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ಕೊಟ್ಟು ಕಳಿಸುವ ಪದ್ಧತಿ ನಮ್ಮ ಸಭೆಗಳಲ್ಲಿದೆ. ‘ಗೌರವಧನ’ ಎಂಬ ಪದವೂ ಹಾಗೆಯೇ. ಎಷ್ಟೆಂದು ಮೊದಲೇ ಹೇಳದೆ ಲಕೋಟೆಯಲ್ಲಿಟ್ಟು ಕೊಡುವುದರಿಂದ ಎಣಿಸುವವರಿಗೂ ಸಂಕೋಚ, ಕೇಳುವವರಿಗೂ ಸಂಕೋಚ. ಉಪನ್ಯಾಸಕ್ಕೆ ಬಂದ ವಿದ್ವಾಂಸರ ಮಟ್ಟಿಗೆ ಇದು ನಡೆದೀತು. ನಾಲ್ಕು ತಿಂಗಳು ಕುಳಿತು 192 ಪುಟ ಕಟ್ಟಿದವರಿಗೆ ಬ್ಯಾಂಕ್ ಖಾತೆಗೆ ಒಪ್ಪಿದ ಮೊತ್ತ ಒಪ್ಪಿದ ದಿನ ಸೇರಬೇಕು. ಶಾಲನ್ನು ಅದರ ಮೇಲೆ ಕೊಡುವುದಾದರೆ ಬೇಡವೆನ್ನುವವರು ಯಾರೂ ಇಲ್ಲ.

ಪುಸ್ತಕ ಬಂದಮೇಲೆ ನಾಲ್ವರಿಗೂ ಎರಡೆರಡು ಪ್ರತಿ ಕಳಿಸಬೇಕು. ಒಂದು ಅವರ ಕಪಾಟಿಗೆ. ಇನ್ನೊಂದು, ಮುಂದೆ ಕೆಲಸ ಕೊಡಲು ಬರುವವರಿಗೆ ತೋರಿಸುವುದಕ್ಕೆ. ಬಿಡುಗಡೆಯ ದಿನದ ಚಿತ್ರವೊಂದು, ತಂದೆಯವರು ಪುಸ್ತಕ ಹಿಡಿದು ನಿಂತಿರುವುದು, ಅದರೊಂದಿಗೆ ಇರಲಿ. ಅಚ್ಚಿನಲ್ಲಿ ಉಳಿದುಹೋದ ತಪ್ಪುಗಳ ಪಟ್ಟಿಯನ್ನು ಆ ಲಕೋಟೆಯಲ್ಲಿ ಇಡಬೇಡಿ. ಅದನ್ನು ಬೇರೆಯಾಗಿ, ಒಂದು ವಾರ ಕಳೆದ ಮೇಲೆ, ಮರುಮುದ್ರಣಕ್ಕೆಂದು ಕಳಿಸಿದರಾಯಿತು.